ಕದಿರಪ್ಪನ ಎಂಟು ಕುದುರೆಗಳು

ನಮ್ಮ ಅಲ್ಲಾಳಸಂದ್ರದಲ್ಲಿ ರೇಸು ಎಂದರೆ ಕುದುರೆ ರೇಸು. ಆ ಕಾಲದಲ್ಲಿ ಅದಕ್ಕೆ ಬೇರೆ ಅರ್ಥವೇ ಇರಲಿಲ್ಲ. ಒಬ್ಬ ‘ರೇಸಿಗೆ ಬಿದ್ದ’ ಎಂದರೆ ಸಾಕು, ಎತ್ತು ಮಾರಿದ, ಹೆಂಡತಿ ತವರಿಗೆ ಹೋದಳು, ಇನ್ನು ಬಾವಿಯೂ ಬೇರೆಯವರದಾಗುತ್ತದೆ ಎಂದೆಲ್ಲ ಯಾರೂ ಹೇಳದೆಯೇ ತಿಳಿದುಕೊಳ್ಳುವಷ್ಟು ಬುದ್ಧಿವಂತರು ನಾವು. ಇಂಥ ಊರಿನಲ್ಲಿ ಮೋಟಾರು ಕಾರಿನ ರೇಸಿಗೆ ತಂಡ ಕಟ್ಟಲು ಹೊರಟ ಕದಿರಪ್ಪನನ್ನು ಏನೆನ್ನಬೇಕೋ ನೀವೇ ಹೇಳಿ. ನಾನಂತೂ ‘ಪಾಪ’ ಎನ್ನುತ್ತೇನೆ. ಆದರೆ ಅದಕ್ಕೆ ಮೊದಲು ಒಂದಿಷ್ಟು ನಗುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಕದಿರಪ್ಪ ಯಶವಂತಪುರದ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತ. ನಲವತ್ತು ದಾಟಿತ್ತು. ಹೆಂಡತಿ ಜ್ವರ ಬಂದು ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಬೆಳಿಗ್ಗೆ ಸೈಕಲ್ಲಿನಲ್ಲಿ ಹೋಗುವಾಗ, ಸಂಜೆ ಸೈಕಲ್ಲಿನಲ್ಲಿ ಬರುವಾಗ, ಎದುರಿಗೆ ಸಿಕ್ಕವರನ್ನೆಲ್ಲ “ಏನ್ ಸಮಾಚಾರ?” ಎಂದು ಕೇಳುತ್ತಿದ್ದ. ಸಮಾಚಾರ ಹೇಳುವಷ್ಟು ಪುರುಸೊತ್ತು ನಮ್ಮೂರಿನಲ್ಲಿ ಯಾರಿಗೂ ಇರಲಿಲ್ಲ. ಆತ ಆತುರದಲ್ಲಿದ್ದಾನೆ ಎಂದು ನಾವು ತಿಳಿದಿದ್ದೆವು. ಆತ ಮಾತ್ರ ಸೈಕಲ್ಲನ್ನು ಬೀಳದಷ್ಟು ನಿಧಾನವಾಗಿ ತುಳಿಯುತ್ತಿದ್ದ.

ಯುದ್ಧದ ಕಾಲದಲ್ಲಿ ಇಂಗ್ಲಿಷರು ಯಲಹಂಕದ ಆಚೆ ವಿಮಾನ ಇಳಿಸಲು ಒಂದು ಉದ್ದನೆಯ ರನ್‌ವೇ ಹಾಕಿದ್ದರಷ್ಟೆ. ಪಟ್ಟಣದ ಶ್ರೀಮಂತರು ಅದರ ಮೇಲೆ ಕಾರು ಓಡಿಸಿ ಪಂದ್ಯ ಮಾಡುತ್ತಾರೆಂದು ತಿಳಿದು ಒಂದು ಭಾನುವಾರ ಕದಿರಪ್ಪ ಹೋದ. ಭಾನುವಾರ ಅವನಿಗೆ ಕೆಲಸವಿರಲಿಲ್ಲ, ಹಾಗಾಗಿ ವಾರದಲ್ಲಿ ಅದರಷ್ಟು ಉದ್ದದ ದಿನ ಬೇರೊಂದಿರಲಿಲ್ಲ. ಅಲ್ಲಿ ಸೇರಿದ್ದವರೆಲ್ಲ ಕಾರು ನೋಡಿದರು. ಕದಿರಪ್ಪ ಕಾರಿನ ಸುತ್ತ ನಿಂತವರನ್ನು ನೋಡಿದ. ಕಾರಿನೊಳಗೆ ಕೂತವನಿಗೆ ಒಬ್ಬ ನೀರು ಕೊಡುತ್ತಿದ್ದ, ಒಬ್ಬ ಬೆವರು ಒರೆಸುತ್ತಿದ್ದ, ಒಬ್ಬ ಗಾಜು ತಿಕ್ಕುತ್ತಿದ್ದ, ಇನ್ನೊಬ್ಬ ಏನೂ ಮಾಡದೆ ಅವನ ಹೆಗಲ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ನಿಂತಿದ್ದ. ಕದಿರಪ್ಪ ಆ ಸುಮ್ಮನೆ ನಿಂತವನನ್ನೇ ನೋಡುತ್ತ ನಿಂತ. ತನಗೂ ಅಂಥದೊಂದು ಬೇಕು ಅನ್ನಿಸಿತು. ಕಾರಲ್ಲ, ಆ ಕೈ.

ಆದರೆ ಕಾರಿಲ್ಲದೆ ಆ ಕೈ ಬರುವುದಿಲ್ಲವಲ್ಲ! ಹೆಬ್ಬಾಳದಲ್ಲಿದ್ದ ಒಬ್ಬ ಮುದಿ ದೊರೆ ಅದೇ ವರ್ಷ ತನ್ನ ದೇಶಕ್ಕೆ ಹೊರಟಿದ್ದ. ಅವನ ಪುಟ್ಟ ಕಾರು ಶೆಡ್ಡಿನಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ಕದಿರಪ್ಪ ಅದನ್ನು ಕೋಳಿಸಮೇತ ಎತ್ತಿನಗಾಡಿಗೆ ಕಟ್ಟಿಸಿ ಎಳೆತಂದು ಮನೆಯ ಹಿಂದೆ ಹೊಂಗೆ ಮರದ ಕೆಳಗೆ ನಿಲ್ಲಿಸಿದ. ದೊರೆಯ ಬಟ್ಲರು ಕೊನೆಯಲ್ಲಿ ಹೆಮ್ಮೆಯಿಂದ ಹೇಳಿದ್ದ: “ಚಿಕ್ಕದು ಅಂತ ತಿಳೀಬೇಡಿ, ಏಯ್ಟ್ ಹಾರ್ಸ್ ಪವರ್!”

ಇಷ್ಟಾದ ಮೇಲೆ ಕದಿರಪ್ಪ ಕೋಟು ಹಾಕಿಕೊಂಡು ಪಟ್ಟಣಕ್ಕೆ ಹೋಗಿ ರೇಸು ನಡೆಸುವ ಕ್ಲಬ್ಬಿನ ಸೆಕ್ರೆಟರಿಯನ್ನು ಕಂಡ. ಸೆಕ್ರೆಟರಿ ಅವನ ಕೋಟನ್ನೂ ಚಪ್ಪಲಿಯನ್ನೂ ಸಮಾನವಾಗಿ ಗಮನಿಸಿ ಕೇಳಿದ:

“ನಿಮ್ಮ ಟೀಮ್ ಯಾವುದು?”

“ಅಂದ್ರೆ ಸ್ವಾಮಿ?”

“ಟೀಮ್ ಕಣ್ರೀ. ಓಡಿಸೋಕೆ ಒಬ್ಬರು, ಜೊತೆಗೆ ಕನಿಷ್ಠ ಮೂರು ಜನ. ಬಾವುಟ ಬೀಳೋತನಕ ಇಂಜಿನ್ ಸ್ಟಾರ್ಟ್ ಮಾಡೋ ಹಾಗಿಲ್ಲ. ನಿಮ್ಮ ಕಾರನ್ನ ನಿಮ್ಮ ಜನಾನೇ ತಳ್ಕೊಂಡು ಬಂದು ಸುಣ್ಣದ ಗೆರೆ ಮೇಲೆ ನಿಲ್ಲಿಸ್ಬೇಕು. ಒಬ್ಬಂಟಿಗಳನ್ನ ನಾವು ಸೇರಿಸಲ್ಲ.”

‘ಇಲ್ಲ’ ಎಂದು ಹೇಳಿ ಎದ್ದು ಬಂದಿದ್ದರೆ ಈ ಕಥೆಯಿರುತ್ತಿರಲಿಲ್ಲ. ಆದರೆ ‘ಒಬ್ಬಂಟಿ’ ಎಂಬ ಮಾತು ಕದಿರಪ್ಪನಿಗೆ ಎಲ್ಲಿ ಚುಚ್ಚಬೇಕೋ ಅಲ್ಲಿಯೇ ಚುಚ್ಚಿತು.

“ಯಾರು ಒಬ್ಬಂಟಿ? ನಮ್ಮದು ದೊಡ್ಡ ಟೀಮು” ಎಂದ. “ಅಲ್ಲಾಳಸಂದ್ರ ರೇಸಿಂಗ್ ಟೀಮು. ಜನ ಜಾಸ್ತಿಯಾಗಿ ಯಾರನ್ನ ಬಿಡೋದು ಅಂತ ತಿಳೀತಾ ಇಲ್ಲ.”

ಊರಿಗೆ ಬಂದವನೇ ನೇರವಾಗಿ ದ್ರೌಪದಮ್ಮನ ಇಡ್ಲಿ ಹೋಟೆಲಿಗೆ ಹೋದ. ನಮ್ಮೂರಿನ ಸಕಲ ಬುದ್ಧಿಯೂ ಅಲ್ಲಿ ಬೆಂಚಿನ ಮೇಲೆ ಕೂತಿರುತ್ತದೆ. ಬೆಂಚಿನ ಮಧ್ಯದಲ್ಲಿ ಹಿರಿಯನಾದ ಚಿಕ್ಕಬೈರಪ್ಪ. ಅವನಿಗೆ ಕಿವಿ ಕೊಂಚ ಮಂದ, ತೀರ್ಮಾನ ಬಹಳ ಚುರುಕು.

“ಅಣ್ಣಾ, ನಾನೊಂದು ರೇಸಿನ ಟೀಮ್ ಕಟ್ತಿದೀನಿ. ಮೂರು ಜನ ಬೇಕಾಗಿತ್ತು” ಎಂದ ಕದಿರಪ್ಪ.

ಇಡ್ಲಿ ತಿನ್ನುವ ಸದ್ದು ನಿಂತಿತು.

“ಯಾವ್ ರೇಸ್ಲಾ?”

“ಯಲಹಂಕದ್ದು. ಗಾಡಿ ತಂದಿದೀನಿ. ಎಂಟು ಕುದ್ರೆದು.”

“ಎಂಟಾ! ಎಲ್ಲವೆ?”

“ಮನೆ ಹಿಂದೆ, ಹೊಂಗೆ ಮರದ ಕೆಳಗೆ.”

“ಎಂಟೂ ಒಂದೇ ಮರದ ಕೆಳಗಾ?”

“ಎಂಟೂ ಒಂದೇ ಮುಚ್ಚಳದ ಕೆಳಗೆ ಅಣ್ಣ. ಕುದ್ರೆ ಅಂದ್ರೆ ನಿಜವಾದ ಕುದ್ರೆ ಅಲ್ಲ, ಅದು ಮೋಟಾರು...”

ಚಿಕ್ಕಬೈರಪ್ಪ ಕೈಯೆತ್ತಿ ಅವನನ್ನು ತಡೆದ. “ಕೇಳಿದ್ರೇನ್ರಪ್ಪಾ? ಮುಚ್ಚಿಟ್ಟವ್ನಂತೆ! ಬುದ್ಧಿವಂತ. ರೇಸ್ ಕುದ್ರೆ ಯಾರ ಕಣ್ಣಿಗೂ ಬೀಳ್ಬಾರ್ದು, ದೃಷ್ಟಿ ಆಯ್ತದೆ. ಲೇ ಕದ್ರಪ್ಪ, ನಂಗೆ ಅರ್ಥ ಆಯ್ತು. ಯಾರ್ ಕೇಳಿದ್ರೂ ಇಂಗೇ ಏಳು. ಕುದ್ರೆ ಅಲ್ಲ, ಮೋಟಾರು ಅನ್ನು.”

ಹೀಗೆ ಕದಿರಪ್ಪ ನಿಜ ಹೇಳಿದಷ್ಟೂ ಊರಿಗೆ ಅವನ ಜಾಣತನದ ಮೇಲೆ ನಂಬಿಕೆ ಹೆಚ್ಚಾಯಿತು. ಅಂದು ಸಂಜೆಯೇ ದ್ರೌಪದಮ್ಮ ಒಂದು ಮೊರ ಹುರುಳಿ ಹೊತ್ತು ತಂದಳು. ಹುರುಳಿ ಬೇಯಿಸಿ ತಿನ್ನಿಸದಿದ್ದರೆ ಕುದುರೆಗೆ ತ್ರಾಣ ಬರುವುದಿಲ್ಲವಂತೆ. ಕೆರೆಯ ನೀರುಗಂಟಿ ಆಂಜಿನಪ್ಪ ಜಗಳಕ್ಕೆಂದೇ ಬಂದ. ಎಂಟು ಕುದುರೆ ಕೆರೆಗೆ ಬಾಯಿ ಹಾಕಿದರೆ ಗದ್ದೆಯ ಕೊನೆಯ ಮಡಿಗೆ ನೀರು ಹೋಗುವುದು ಹೇಗೆ?

“ನಮ್ಮವು ನೀರು ಕುಡಿಯೋದು ಬಹಳ ಕಡಿಮೆ ಆಂಜಿನಪ್ಪ. ಪೆಟ್ರೋಲೇ ಜಾಸ್ತಿ” ಎಂದ ಕದಿರಪ್ಪ.

“ಅದೇ ನೋಡು, ರೇಸ್ ಕುದ್ರೆ ಅಂದ್ರೆ ಅಂಗೇ. ಏನೇನೋ ಕುಡಿಸ್ತಾರೆ” ಎಂದು ಆಂಜಿನಪ್ಪ ಗೌರವದಿಂದ ತಲೆಯಾಡಿಸಿ, ಜಗಳವನ್ನು ಮರೆತು ಜಗಲಿಯ ಮೇಲೆ ಕೂತ. ಯಲಹಂಕ ಸ್ಟೇಷನ್ನಿನಲ್ಲಿ ಜಟಕಾ ಹೊಡೆಯುವ ಖುರ್ಷೀದ್ ಸುದ್ದಿ ತಿಳಿದು ಬಂದು, “ಕದಿರಪ್ಪಾ ಭಾಯ್, ಕುದ್ರೆ ವಿಷಯ ನನಗೆ ಬಿಡಿ” ಎಂದು ಆಂಜಿನಪ್ಪನ ಪಕ್ಕ ಕೂತ. ಚಿಕ್ಕಬೈರಪ್ಪ ಕರೆಯದಿದ್ದರೂ ಯಜಮಾನನಾಗಿ ನಡುವೆ ಕೂತು, ದೃಷ್ಟಿಯಾದೀತೆಂದು ಯಾರನ್ನೂ ಹಿತ್ತಲಿಗೆ ಬಿಡಲಿಲ್ಲ. ಬಹಳ ವರ್ಷಗಳಿಂದ ದೂಳು ಮಾತ್ರ ಕೂರುತ್ತಿದ್ದ ಜಗಲಿಯ ಮೇಲೆ ಕದಿರಪ್ಪನಿಗೇ ಜಾಗವಿಲ್ಲದಂತಾಯಿತು. ಅವನು ಬಾಗಿಲಲ್ಲಿ ನಿಂತುಕೊಂಡು ಎಲ್ಲರಿಗೂ ಬೆಲ್ಲದ ಕಾಫಿ ಕೊಟ್ಟ, ಎಲ್ಲರನ್ನೂ “ಏನ್ ಸಮಾಚಾರ?” ಎಂದು ಕೇಳಿದ. ಎಲ್ಲರೂ ಹೇಳಿದರು. ಕತ್ತಲಾದರೂ ಹೇಳುತ್ತಲೇ ಇದ್ದರು.

ಮಾರನೆಯ ವಾರ ಮತ್ತಿಕೆರೆಯಿಂದ ಮೆಕ್ಯಾನಿಕ್ ಒಬ್ಬ ಬಂದು ಕಾರನ್ನು ಬಿಚ್ಚಿ ಹರಡಿ, ಮತ್ತೆ ಜೋಡಿಸಿ, ಕೊನೆಗೆ ಕೈಯೊರೆಸಿಕೊಳ್ಳುತ್ತ ಹೇಳಿದ: “ಗುರು, ಎಂಟು ಅನ್ನೋದು ಹೆಸರಿಗೆ. ಮೂರು ಕುದುರೆ ಸತ್ತೋಗಿ ಎಷ್ಟೋ ಕಾಲ ಆಗಿದೆ. ಐದು ಉಳಿದಿದ್ರೆ ನಿಮ್ ಪುಣ್ಯ.”

ಕದಿರಪ್ಪನ ಮುಖ ಇಳಿಯಿತು. ಅದೇ ಮುಖ ಹೊತ್ತುಕೊಂಡು ಹೋಟೆಲಿಗೆ ಹೋದ. “ಏನಾಯ್ತೋ?” ಎಂದು ದ್ರೌಪದಮ್ಮ ಕೇಳಿದಾಗ ಬಾಯಿತಪ್ಪಿ, “ಮೂರು ಹೋದ್ವಂತೆ ಅಕ್ಕ. ಐದೇ ಉಳಿದಿರೋದು” ಎಂದುಬಿಟ್ಟ.

ಇಡೀ ಊರು ಬಂತು, ಸ್ವಾಮಿ! ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದರು. ಅವನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಯಾರೋ ಮುದ್ದೆ, ಯಾರೋ ಹುಳಿಸಾರು ತಂದಿಟ್ಟರು. ಚಿಕ್ಕಬೈರಪ್ಪ ಕದಿರಪ್ಪನನ್ನು ಅಪ್ಪಿಕೊಂಡು, “ಮೂಕ ಪ್ರಾಣಿ ಕಣ್ಲಾ, ಮೂಕ ಪ್ರಾಣಿ” ಎಂದು ದೊಡ್ಡದಾಗಿ ಅತ್ತ. ಎಲ್ಲಿ ಹೂತೆ ಎಂದು ಯಾರೂ ಕೇಳಲಿಲ್ಲ, ದುಃಖದಲ್ಲಿರುವವನನ್ನು ಹಾಗೆಲ್ಲ ಕೇಳಬಾರದು ಎಂಬುದು ನಮಗೂ ಗೊತ್ತು. ಕದಿರಪ್ಪ ಹೆಗಲ ಮೇಲೆ ಬಿದ್ದ ಕೈಗಳನ್ನೆಲ್ಲ ನೋಡಿದ. ನಿಜ ಹೇಳಬೇಕೆಂದು ಬಾಯಿ ತೆರೆದ. ಆದರೆ ಅಳುವೇ ಬಂತು. ಅವನ ಹೆಂಡತಿ ತೀರಿಕೊಂಡದ್ದು ನಾಟಿಯ ಕಾಲದಲ್ಲಿ. ಎಲ್ಲರೂ ಗದ್ದೆಯಲ್ಲಿದ್ದರು, ಮಣ್ಣು ಮಾಡಲು ಹೆಗಲು ಕೊಡುವಷ್ಟು ಮಂದಿ ಸಿಕ್ಕಿದ್ದೇ ಹೆಚ್ಚು. ಇಲ್ಲದ ಕುದುರೆಗಳಿಗೆ ಇಷ್ಟು ಜನ ಬಂದಿದ್ದರು.

ಒಂದೇ ಊರಿನಲ್ಲಿ ಮೂರು ಕುದುರೆ ಒಮ್ಮೆಗೇ ಸತ್ತರೆ ಸರ್ಕಾರ ಸುಮ್ಮನಿರುತ್ತದೆಯೇ? ಯಾವುದೋ ಪಿಡುಗು ಇರಬೇಕೆಂದು ಎರಡೇ ದಿನದಲ್ಲಿ ದನದ ಆಸ್ಪತ್ರೆಯ ಇನ್‌ಸ್ಪೆಕ್ಟರು ಸೂಜಿ ಮದ್ದಿನ ಪೆಟ್ಟಿಗೆ ಹೊತ್ತುಕೊಂಡು ಉರಿಬಿಸಿಲಲ್ಲಿ ನಡೆದು ಬಂದರು.

“ಉಳಿದಿರೋ ಐದು ಕುದುರೆ ತೋರಿಸಿ.”

ಸರ್ಕಾರಕ್ಕೆ ಸುಳ್ಳು ಹೇಳುವ ಧೈರ್ಯ ಕದಿರಪ್ಪನಿಗಿರಲಿಲ್ಲ. ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋಗಿ ಕಾರಿನ ಮುಚ್ಚಳ ಎತ್ತಿದ. ಇಂಜಿನ್ನಿನ ಪಕ್ಕದಲ್ಲಿ ಕಾವಿಗೆ ಕೂತಿದ್ದ ಕೋಳಿ ಇಬ್ಬರನ್ನೂ ಸಿಟ್ಟಿನಿಂದ ನೋಡಿತು.

“ಇದೇ ಸ್ವಾಮಿ. ಐದು ಹಾರ್ಸ್ ಪವರ್.”

ಇನ್‌ಸ್ಪೆಕ್ಟರು ತುಂಬ ಹೊತ್ತು ಇಂಜಿನ್ನನ್ನು ನೋಡಿದರು, ಬಿಸಿಲನ್ನು ನೋಡಿದರು, ತಾವು ನಡೆದು ಬಂದ ದಾರಿಯನ್ನು ನೋಡಿದರು.

“ನೋಡ್ರೀ, ಐದು ಕುದುರೆಗೆ ಚುಚ್ಚಿ ಬಾ ಅಂತ ನನಗೆ ಅಪ್ಪಣೆ ಆಗಿದೆ. ಕುದುರೆ ಇಲ್ಲ ಅಂತ ವಾಪಸ್ ಹೋದ್ರೆ, ಸರಿಯಾಗಿ ಹುಡುಕು ಅಂತ ನಾಳೆ ಮತ್ತೆ ಇದೇ ಬಿಸಿಲಿಗೆ ಅಟ್ತಾರೆ. ಕೋಳಿಗೆ ಇದು ಹಿಡಿಸಲ್ಲ” ಎಂದವರೇ ಮದ್ದನ್ನು ಹೊಂಗೆ ಮರದ ಬುಡಕ್ಕೆ ಸುರಿದರು. ಹೋಗುವ ದಾರಿಯಲ್ಲಿ ದ್ರೌಪದಮ್ಮನ ಹೋಟೆಲಿನಲ್ಲಿ ಮಜ್ಜಿಗೆ ಕುಡಿದು, ಕೇಳಿದವರಿಗೆಲ್ಲ, “ಐದೂ ಆರೋಗ್ಯವಾಗಿವೆ, ಒಳ್ಳೇ ತಳಿ” ಎಂದು ಸಾರಿದರು. ಸರ್ಕಾರವೇ ಹೇಳಿದ ಮೇಲೆ ಅನುಮಾನಪಡಲು ನಾವೇನು ದೇಶದ್ರೋಹಿಗಳೇ?

ಸುದ್ದಿ ದೇವನಹಳ್ಳಿಗೂ ಹೋಯಿತು. ಅಲ್ಲಿಗೆ ಕೊಟ್ಟಿದ್ದ ಕದಿರಪ್ಪನ ಅಕ್ಕ ಸೊಣ್ಣಮ್ಮ, ತಮ್ಮ ರೇಸಿಗೆ ಬಿದ್ದನೆಂದು ಎದೆ ಬಡಿದುಕೊಳ್ಳುತ್ತ ಬಂದಿಳಿದಳು. ಬಂದವಳು ಎಲ್ಲರ ಹಾಗೆ ಜಗಲಿಯ ಮೇಲೆ ಕೂರಲಿಲ್ಲ. ನೇರವಾಗಿ ಹಿತ್ತಲಿಗೆ ಹೋಗಿ ನೋಡಿದಳು.

“ಎಲ್ಲೋ ಕುದ್ರೆ?”

“ಇಲ್ಲಕ್ಕ. ಇರೋದು ಈ ಕಾರೊಂದೇ.”

“ಮತ್ತೆ ಊರೆಲ್ಲ ಕುದ್ರೆ ಕುದ್ರೆ ಅಂತವ್ರಲ್ಲೋ! ನೀನ್ಯಾಕೆ ಇಲ್ಲ ಅಂತ ಏಳ್ಲಿಲ್ಲ?”

“ಹೇಳ್ದೆ ಅಕ್ಕ. ಯಾರೂ ಕೇಳಿಸ್ಕೊಳ್ಲಿಲ್ಲ. ಆಮೇಲೆ ನಾನೂ ಬಿಟ್ಟೆ. ಕುದ್ರೆ ಇಲ್ಲ ಅಂತ ಗೊತ್ತಾದ್ರೆ ಯಾರೂ ಬರಲ್ಲ.”

ಸೊಣ್ಣಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ಒಂದೇ ಸಮನೆ ಬೈದಳು. “ಇನ್ನೊಂದ್ ಮದ್ವೆ ಆಗು ಅಂತ ಬಡ್ಕೊಂಡ್ರೆ ತಗಡಿನ ಡಬ್ಬಾ ಎಳ್ಕೊಂಡ್ ಬಂದವ್ನೆ!” ಬೈಯುತ್ತಲೇ ಮನೆ ಗುಡಿಸಿದಳು, ಬೈಯುತ್ತಲೇ ಅಡಿಗೆ ಮಾಡಿದಳು. ಬೈಸಿಕೊಳ್ಳುತ್ತ ಉಂಡ ಆ ಊಟ ಕದಿರಪ್ಪನಿಗೆ ಬಹಳ ರುಚಿಸಿತು. ಇನ್ನೆರಡು ದಿನ ಇದ್ದು ಬೈಯಲಿ ಎಂದುಕೊಂಡ. ಆದರೆ ಅವಳ ಎಮ್ಮೆ ಈಯುವುದರಲ್ಲಿತ್ತು, ಮಧ್ಯಾಹ್ನದ ಬಸ್ಸಿಗೇ ಹೋದಳು.

ರೇಸಿನ ಭಾನುವಾರ ಬಂತು. ಖುರ್ಷೀದ್ ಜಟಕಾ ಬಿಚ್ಚಿಟ್ಟು ಬರಿಯ ಕುದುರೆಯನ್ನು ಹೊಡೆದುಕೊಂಡು ಬಂದ. ಪಟ್ಟಣದ ಸಾಹೇಬರ ಎದುರಿಗೆ ಯಜಮಾನನಾದವನು ನಡೆದು ಹೋಗಬಾರದಲ್ಲ, ಆದ್ದರಿಂದ ಕದಿರಪ್ಪ ಈ ತಗಡಿನ ಗಾಡಿಯಲ್ಲಿ ಕೂತು ಬರುತ್ತಾನೆ, ಐದು ಕುದುರೆಗಳನ್ನು ಕಣ್ಣು ಬೀಳದ ಹಾಗೆ ಆಗಲೇ ಮೈದಾನಕ್ಕೆ ಸಾಗಿಸಿಯಾಗಿದೆ ಎಂದು ಚಿಕ್ಕಬೈರಪ್ಪ ಎಲ್ಲರಿಗೂ ವಿವರಿಸಿದ್ದ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟರು, ಬೂದುಗುಂಬಳ ಒಡೆದರು, ದ್ರೌಪದಮ್ಮ ಆರತಿ ಎತ್ತಿದಳು. ಜಟಕಾ ಕುದುರೆ ಕಾರನ್ನು ಎಳೆಯಿತು. ಕಾರಿನಲ್ಲಿ ಕದಿರಪ್ಪ ಕೋಟು ಹಾಕಿಕೊಂಡು ಕೂತಿದ್ದ. ಅತ್ತ ಆಂಜಿನಪ್ಪ, ಇತ್ತ ಚಿಕ್ಕಬೈರಪ್ಪ ಬಾಗಿಲು ಹಿಡಿದುಕೊಂಡು ನಡೆದರು. ಯಲಹಂಕದ ತನಕದ ಆ ದಾರಿಯಲ್ಲಿ ಕದಿರಪ್ಪನಷ್ಟು ಸುಖಿ ನಮ್ಮ ತಾಲ್ಲೂಕಿನಲ್ಲಿ ಬೇರೆ ಯಾರೂ ಇರಲಿಲ್ಲ.

ಮೈದಾನದಲ್ಲಿ ಬಣ್ಣ ಬಣ್ಣದ ಕಾರುಗಳು ನಿಂತಿದ್ದವು. ಖುರ್ಷೀದ್ ಕಣ್ಣಿಗೆ ಕೈ ಅಡ್ಡ ಹಿಡಿದು ಈ ತುದಿಯಿಂದ ಆ ತುದಿಯ ತನಕ ನೋಡಿದ. ಅವನದೊಂದನ್ನು ಬಿಟ್ಟರೆ ಬೇರೆ ಕುದುರೆಯಿರಲಿಲ್ಲ.

“ಭಾಯ್, ನಮ್ಮ ಐದು ಎಲ್ಲಿ?”

ಇನ್ನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಕದಿರಪ್ಪ ಇಳಿದು ಕಾರಿನ ಮುಚ್ಚಳ ಎತ್ತಿದ.

“ಇಲ್ಲೇ ಇರೋದು. ಈ ಇಂಜಿನ್ನಿಗೆ ಅಷ್ಟು ಕುದ್ರೆಗಳ ಶಕ್ತಿ ಅಂತ ಲೆಕ್ಕ. ಇದು ಕಾರಿನ ರೇಸು. ಈ ಕಾರನ್ನ ಅಗೋ ಆ ಸುಣ್ಣದ ಗೆರೆ ತನಕ ನಾವು ನಾಲ್ಕು ಜನ ತಳ್ಕೊಂಡು ಹೋದ್ರೆ ಆಯ್ತು. ಅಷ್ಟೇ ಅಣ್ಣ. ಗೆಲ್ಲೋದೇನೂ ಬೇಡ.”

ಚಿಕ್ಕಬೈರಪ್ಪ ಬಗ್ಗಿ ಇಂಜಿನ್ನಿನೊಳಗೆ ನೋಡಿದ. ನೆಟ್ಟಗಾದಾಗ ಅವನ ಮೀಸೆ ನಡುಗುತ್ತಿತ್ತು.

“ಇದ್ರಾಗೆ ಕುದ್ರೆ ಲದ್ದಿನೂ ಇಲ್ವಲ್ಲೋ! ಲೇ, ಆ ಮೂರು ಸತ್ತಾಗ ನಾನು ಅತ್ತಿದ್ದೆ ಕಣೋ! ನಮ್ಮಪ್ಪ ಸತ್ತಾಗ್ಲೂ ಅಂಗೆ ಅತ್ತಿರ್ಲಿಲ್ಲ!”

“ನಾನೂ ಅತ್ತಿದ್ದೆ ಅಣ್ಣ.”

“ನೀನ್ಯಾಕೋ ಅಳ್ತೀಯ? ನಿಂಗೆ ಗೊತ್ತಿತ್ತಲ್ಲೋ!”

ಕದಿರಪ್ಪ ಮೆಲ್ಲಗೆ ಕಾರಿನ ಮುಚ್ಚಳ ಇಳಿಸಿದ. ನಮ್ಮ ಕುದುರೆಗಳೇ ಗೆಲ್ಲುತ್ತವೆ ಎಂದು ಮೂರು ಊರಿಗೆ ಮಾತು ಕೊಟ್ಟು ಬಂದಿದ್ದ ಚಿಕ್ಕಬೈರಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ತಿರುಗಿ ಹೊರಟ. ಆಂಜಿನಪ್ಪ ಎರಡು ಹೆಜ್ಜೆ ಹೋಗಿ, ನಿಂತು, “ಅಂಗಾದ್ರೆ ಪೆಟ್ರೋಲ್ ಕುಡೀತಿದ್ದಿದ್ದು ನಿಜಾನಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಿಂದೆಯೇ ಹೋದ. ಖುರ್ಷೀದ್ ಹಗ್ಗ ಬಿಚ್ಚುತ್ತ ಮೆಲ್ಲಗೆ, “ಬೇಜಾರ್ ಮಾಡ್ಕೋಬೇಡಿ ಭಾಯ್, ಮಧ್ಯಾಹ್ನದ ರೈಲಿಗೆ ಸವಾರಿ ಇದೆ” ಎಂದ. ಆಮೇಲೆ ಕುದುರೆಯೂ ಹೋಯಿತು.

“ಮಿಸ್ಟರ್ ಕದಿರಪ್ಪ, ಬಾವುಟ ಬೀಳೋ ಹೊತ್ತಾಯ್ತು. ಎಲ್ಲಿ ನಿಮ್ಮ ಟೀಮ್?” ಎಂದು ಸೆಕ್ರೆಟರಿ ದೂರದಿಂದ ಕೂಗಿದ.

“ಬರ್ತಾ ಇದಾರೆ ಸ್ವಾಮಿ!”

ಹೇಳಿ ಕದಿರಪ್ಪ ಕೋಟು ಬಿಚ್ಚಿ ಸೀಟಿನ ಮೇಲಿಟ್ಟು ಕಾರಿನ ಹಿಂಭಾಗಕ್ಕೆ ಹೆಗಲು ಕೊಟ್ಟ. ಕಾರು ಚಲಿಸಿತು, ಆದರೆ ಎಡಕ್ಕೆ. ಓಡಿಹೋಗಿ ಸ್ಟೇರಿಂಗು ತಿರುಗಿಸಿ ಬಂದು ಮತ್ತೆ ತಳ್ಳಿದ. ಈಗ ಬಲಕ್ಕೆ. ಹೀಗೆ ಎಡಕ್ಕೂ ಬಲಕ್ಕೂ ಓಡಾಡುತ್ತ, ತಳ್ಳುತ್ತ, ಏದುಸಿರು ಬಿಡುತ್ತ ಅಲ್ಲಾಳಸಂದ್ರ ರೇಸಿಂಗ್ ಟೀಮು ಮುಂದುವರಿಯಿತು. ರನ್‌ವೇ ಅಂಚಿಗೆ ಕಟ್ಟಿದ್ದ ಹಗ್ಗದಾಚೆ ನಿಂತು ರೇಸು ನೋಡಲು ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಲವರು ಸಿಳ್ಳೆ ಹಾಕಿದರು. ಅಷ್ಟು ನಕ್ಕ ಜನರಲ್ಲಿ ಒಬ್ಬನಿಗೂ ಹಗ್ಗದಡಿ ನುಸುಳಿ ಬಂದು ಒಂದು ಕೈ ಕೊಡಬೇಕೆನ್ನಿಸಲಿಲ್ಲ. ನಗುವುದಕ್ಕೆ ಎರಡೂ ಕೈ ಬೇಕಾಗಿತ್ತೇನೋ.

ಇನ್ನೂ ಅರ್ಧ ದಾರಿ ಇರುವಾಗಲೇ ಬಾವುಟ ಬಿತ್ತು. ಕಾರುಗಳೆಲ್ಲ ಅಬ್ಬರಿಸಿಕೊಂಡು ಹೋದವು. ಕದಿರಪ್ಪ ತಲೆಯೆತ್ತಿ ನೋಡಲಿಲ್ಲ. ತಳ್ಳುತ್ತಲೇ ಹೋಗಿ, ಮುಂದಿನ ಚಕ್ರ ಸುಣ್ಣದ ಗೆರೆಯ ಮೇಲೆ ಬಂದಾಗ ನಿಂತ. ಗೆರೆಯ ಮೇಲೆ ಬೇರೆ ಯಾರೂ ಇರಲಿಲ್ಲ. ಆ ಕಾರನ್ನು ಎಬ್ಬಿಸಲು ಇಬ್ಬರು ಬೇಕು, ಮುಂದೆ ನಿಂತು ಹ್ಯಾಂಡಲ್ ತಿರುಗಿಸಲು ಒಬ್ಬ, ಒಳಗೆ ಕೂತು ಪೆಡಲು ತುಳಿಯುತ್ತಿರಲು ಒಬ್ಬ. ಕದಿರಪ್ಪ ಹ್ಯಾಂಡಲ್ ತಿರುಗಿಸಿದ. ಇಂಜಿನ್ ಕೆಮ್ಮಿ ಎದ್ದಿತು. ಅವನು ಓಡಿ ಬಂದು ಸೀಟಿಗೆ ಹಾರುವಷ್ಟರಲ್ಲಿ ನಿಂತಿತು. ಮತ್ತೆ ಇಳಿದ, ಮತ್ತೆ ತಿರುಗಿಸಿದ, ಮತ್ತೆ ಓಡಿದ. ಎಷ್ಟು ಓಡಿದರೂ ಅವನಿಗೆ ತಾನೇ ಇನ್ನೊಬ್ಬನಾಗಲು ಆಗಲಿಲ್ಲ.

ಅಷ್ಟರಲ್ಲಿ ಕಾರುಗಳು ಸುತ್ತು ಹಾಕಿ ದೂರದಲ್ಲಿ ಕಾಣಿಸಿಕೊಂಡವು. ಸೆಕ್ರೆಟರಿ ಹೌಹಾರಿ, “ತೆಗೀರ್ರೀ ಅದನ್ನ! ಯಾರಾದ್ರೂ ಹೋಗಿ ತಳ್ಳಿ ಪಕ್ಕಕ್ಕೆ!” ಎಂದು ಕಿರುಚಿದ. ಬೇರೆ ಬೇರೆ ತಂಡಗಳ ನಾಲ್ವರು ಎಣ್ಣೆ ಮೆತ್ತಿದ ಬಟ್ಟೆಯಲ್ಲೇ ಓಡಿ ಬಂದರು.

“ಕೂತ್ಕೊಳ್ರೀ ಒಳಗೆ! ಸ್ಟೇರಿಂಗ್ ಹಿಡ್ಕೊಳ್ಳಿ!” ಎಂದು ಒಬ್ಬ ಕದಿರಪ್ಪನ ಹೆಗಲು ಹಿಡಿದು ಒಳಗೆ ಕೂರಿಸಿದ. ಇಬ್ಬರು ಹಿಂದೆ ಹೆಗಲು ಕೊಟ್ಟರು, ಒಬ್ಬ ಎಡಬಾಗಿಲು ಹಿಡಿದ, ಹೆಗಲು ಹಿಡಿದಿದ್ದವನು ಹಾಗೇ ಒಂದು ಕೈಯನ್ನು ಅಲ್ಲೇ ಬಿಟ್ಟು ಇನ್ನೊಂದು ಕೈಯಿಂದ ತಳ್ಳಿದ. ಕಾರು ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಸುಣ್ಣದ ಗೆರೆಯನ್ನು ದಾಟಿ, ರನ್‌ವೇ ಬಿಟ್ಟು, ಹುಲ್ಲಿನ ಮೇಲೆ ನೆಟ್ಟಗೆ ಹೋಯಿತು. ಬೆನ್ನ ಹಿಂದೆ ರೇಸಿನ ಕಾರುಗಳು ಗದ್ದಲ ಮಾಡುತ್ತ ದಾಟಿಹೋದವು. ಕದಿರಪ್ಪ ತಿರುಗಿ ನೋಡಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು ಎರಡು ಕೈಯಲ್ಲೂ ಸ್ಟೇರಿಂಗು ಹಿಡಿದು ಕೂತಿದ್ದ.

ಅಪಾಯವಿಲ್ಲದ ಜಾಗಕ್ಕೆ ಬಂದ ಮೇಲೆ ನಾಲ್ವರೂ ನಿಂತು ಉಸಿರು ಬಿಟ್ಟರು.

“ಇಲ್ಲಿ ಸಾಕಲ್ವಾ ಸಾರ್?” ಎಂದ ಬಾಗಿಲು ಹಿಡಿದವನು.

“ಇನ್ನೊಂಚೂರು ಮುಂದಕ್ಕೆ ಸ್ವಾಮಿ” ಎಂದ ಕದಿರಪ್ಪ.

ಅವರು ಇನ್ನೊಂಚೂರು ತಳ್ಳಿದರು.

“ಈಗ?”

ಮುಂದೆ ಬಯಲು ಮುಗಿದು ಮುಳ್ಳುತಂತಿಯ ಬೇಲಿ ಕಾಣುತ್ತಿತ್ತು. ಅಲ್ಲಿಗೆ ಇನ್ನೂ ಸ್ವಲ್ಪ ದೂರವಿತ್ತು.

“ಇನ್ನೊಂದೇ ಒಂದು ಚೂರು” ಎಂದ ಕದಿರಪ್ಪ.